ಟ್ಯಾಂಕಿನೊಳಗಿನ ಹೊಯಿಗೆ

ಇಪ್ಪತ್ತೆಂಟು ವರ್ಷ ತುಂಬುವವರೆಗೆ ನನಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಆಫೀಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಈಜು ಬರುತ್ತದೆ, ದೋಣಿಯ ಜಲ್ಲೆ ಹಿಡಿಯಲು ಬರುತ್ತದೆ, ಬೈಕ್ ಮಾತ್ರ ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ ಹೇಳಿ!

ಅದಕ್ಕೆ ನನ್ನ ಹತ್ತಿರ ಒಂದು ರೆಡಿಮೇಡ್ ಉತ್ತರ ಇತ್ತು. ನಮ್ಮದು ಬೆಂಗ್ರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ಹೊಳೆ, ತುದಿಯಲ್ಲಿ ನೇತ್ರಾವತಿಯೂ ಬಂದು ಸೇರುವ ಅಳಿವೆ. ನಡುವೆ ಉದ್ದಕ್ಕೆ ಮಲಗಿದ ಹೊಯಿಗೆಯ ಪಟ್ಟಿಯೇ ನಮ್ಮೂರು. ಬಂದರಿಗೆ ಹೋಗಬೇಕೆಂದರೆ ಫೆರಿ ಹತ್ತಿದರೆ ಆಯಿತು, ಕೆಲವೇ ನಿಮಿಷ. ಅದೇ ರಸ್ತೆಯಲ್ಲಿ ಹೋಗುವುದಾದರೆ ತಣ್ಣೀರುಬಾವಿ, ಕೂಳೂರು ಎಂದು ಸುತ್ತು ಹೊಡೆದು ಬರಬೇಕು. ಎದುರಿಗೇ ಕಾಣುವ ಬಂದರಿಗೆ ಹತ್ತು ಹದಿನೈದು ಕಿಲೋಮೀಟರ್ ಪ್ರಯಾಣ! "ನಮಗೆ ಬೈಕ್ ಯಾಕೆ ಮಾರಾಯ್ರೆ, ದೋಣಿ ಉಂಟಲ್ಲ" ಎಂದು ನಗುತ್ತಿದ್ದೆ.

ಇದು ಅರ್ಧ ಸತ್ಯ. ಉಳಿದ ಅರ್ಧ ನಮ್ಮ ಮನೆಯ ಹಿಂದೆ ಬಲೆ ಇಡುವ ಕೊಟ್ಟಿಗೆಯಲ್ಲಿ, ಹರಿದ ಟಾರ್ಪಾಲಿನ ಕೆಳಗೆ ಇಪ್ಪತ್ತೊಂದು ವರ್ಷದಿಂದ ನಿಂತಿತ್ತು. ಮಾವನ ಯೆಜ್ಡಿ ರೋಡ್‌ಕಿಂಗ್. 1992ರ ಮಾಡೆಲ್, ಕಪ್ಪು ಬಣ್ಣ, ಕೆಎ 19.

ಮಾವ ಎಂದರೆ ಅಮ್ಮನ ತಮ್ಮ. ನಮ್ಮ ತುಳುವಿನಲ್ಲಿ ತಮ್ಮಲೆ. ಟ್ರಾಲ್ ಬೋಟಿನಲ್ಲಿ ಎಂಜಿನ್ ಡ್ರೈವರ್. 1998ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಆ ಗಾಡಿ ತಂದಾಗ ನಾನು ಒಂದು ವರ್ಷದ ಮಗು. ಸ್ವಲ್ಪ ದೊಡ್ಡವನಾದ ಮೇಲೆ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ತಣ್ಣೀರುಬಾವಿಯವರೆಗೆ ಹೋಗಿ ಬರುತ್ತಿದ್ದರು. ಕಾಲಿಗೆ ಬಿಸಿ ತಾಗುತ್ತಿದ್ದದ್ದು, ಎರಡು ಸೈಲೆನ್ಸರಿನ ಆ ಡುಬು ಡುಬು ಶಬ್ದ, ಸುಟ್ಟ ಆಯಿಲಿನ ವಾಸನೆ... ಇಷ್ಟು ನೆನಪುಂಟು.

2004ರಲ್ಲಿ ಒಂದು ಸಂಜೆ ಮಲ್ಪೆಯಿಂದ ಬೋಟಿನ ಯಾವುದೋ ಸ್ಪೇರ್ ಪಾರ್ಟ್ ತೆಗೆದುಕೊಂಡು ಹೈವೇಯಲ್ಲಿ ಬರುತ್ತಿದ್ದಾಗ, ಕೂಳೂರು ಸೇತುವೆಯ ಮೇಲೆ ಗಾಡಿ ಒಮ್ಮೆಲೇ ಹಿಡಿದು ನಿಂತಿತು. ಹಿಂದಿನ ಚಕ್ರ ಲಾಕ್ ಆಗಿ ಮಾವ ಎಸೆಯಲ್ಪಟ್ಟರು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದರಿಂದ ಜೀವ ಉಳಿಯಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆ ಸೀಸನ್ ಪೂರ್ತಿ ಬೋಟಿಗೆ ಹೋಗಲಾಗಲಿಲ್ಲ. ಆಸ್ಪತ್ರೆ ಖರ್ಚಿಗೆ ಅಮ್ಮನ ನಾಲ್ಕು ಬಳೆ ಅಡವಿಗೆ ಹೋದವು, ವಾಪಸ್ ಬರಲೇ ಇಲ್ಲ.

"ಸ್ಪೀಡ್. ಅವನ ಸ್ಪೀಡಿಗೆ ನನ್ನ ಬಳೆ ಹೋಯಿತು." ಅಮ್ಮ ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಮಾವ ಎದುರು ಮಾತಾಡಿದ್ದನ್ನು ನಾನು ನೋಡಿಲ್ಲ. ತಲೆ ತಗ್ಗಿಸಿ ಊಟ ಮಾಡಿ ಎದ್ದು ಹೋಗುತ್ತಿದ್ದರು. ಮತ್ತೆ ಅವರು ಬೈಕ್ ಮುಟ್ಟಲಿಲ್ಲ, ನನಗೂ ಮುಟ್ಟಲು ಬಿಡಲಿಲ್ಲ. ಕಾಲೇಜಿಗೆ ಹೋಗುವಾಗ ಬೈಕ್ ಕೇಳಿದ್ದಕ್ಕೆ ಅಮ್ಮ ಹೇಳಿದ್ದು ಒಂದೇ ಮಾತು, "ತಮ್ಮಲೆಯ ಕೈ ನೋಡು." ಅಲ್ಲಿಗೆ ಮುಗಿಯಿತು.

ಹಾಗಿದ್ದವನು 2025ರ ಜೂನ್ ತಿಂಗಳಲ್ಲಿ ಆ ಟಾರ್ಪಾಲು ಯಾಕೆ ಎಳೆದೆ? ದೊಡ್ಡ ಕಾರಣ ಏನಿಲ್ಲ. ಕೊಟ್ಟಿಗೆಯ ಮಾಡು ಸೋರುತ್ತಿತ್ತು, ರಿಪೇರಿ ಮಾಡಬೇಕಿತ್ತು, ಗಾಡಿಯನ್ನು ಗುಜರಿಗೆ ಕೊಡುವ ಎಂದು ಅಮ್ಮ ಹೇಳಿದರು. ಗುಜರಿಯವನು ಬಂದು ಹ್ಯಾಂಡಲ್ ಹಿಡಿದು ಅಲುಗಾಡಿಸಿದಾಗ ಮಾವ ಅಂಗಳದಲ್ಲಿದ್ದವರು ಎದ್ದು ಒಳಗೆ ಹೋದರು. ಅದನ್ನು ನೋಡಿದ ಮೇಲೆ ಯಾಕೋ ಮನಸ್ಸಾಗಲಿಲ್ಲ. "ಇನ್ನೊಂದು ತಿಂಗಳು ಇರಲಿ" ಎಂದು ಅವನನ್ನು ಕಳಿಸಿದೆ.

ಸಮಯವೂ ಸರಿಯಾಗಿತ್ತು. ಜೂನ್ ಒಂದರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿ, ಎಂಜಿನ್ ಡ್ರೈವರುಗಳೆಲ್ಲ ಮನೆಯಲ್ಲಿ. ನನಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ.

ಗಾಡಿಯ ಸ್ಥಿತಿ ಕೇಳಬೇಡಿ. ಸಮುದ್ರದಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಕಬ್ಬಿಣ ಎಂದರೆ ಏನಾಗುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಗಾಳಿಯಲ್ಲಿರುವ ಉಪ್ಪು ತೇವವನ್ನು ಹಿಡಿದಿಡುತ್ತದೆ, ಕ್ರೋಮಿನಲ್ಲಿ ಎಲ್ಲೋ ಸೂಜಿಮೊನೆಯಷ್ಟು ಬಿರುಕು ಇದ್ದರೂ ಒಳಗೆ ಹೊಕ್ಕು ತುಕ್ಕು ಹಿಡಿಸುತ್ತದೆ. ರಿಮ್ಮುಗಳು ಹಪ್ಪಳದ ಹಾಗೆ ಉದುರುತ್ತಿದ್ದವು. ಸ್ಪೋಕ್ ಮುಟ್ಟಿದರೆ ಟಕ್ ಎಂದು ತುಂಡು. ವೈರಿಂಗನ್ನು ಇಲಿ ತಿಂದಿತ್ತು. ಆದರೆ ಚೈನ್ ಮಾತ್ರ ಚೆನ್ನಾಗಿತ್ತು! ಪೂರ್ತಿ ಮುಚ್ಚಿದ ಕವರಿನೊಳಗೆ ಹಳೇ ಗ್ರೀಸಿನಲ್ಲಿ ಅದ್ದಿಟ್ಟ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.

ಮೈಸೂರಿನವರು ಮಾಡಿದ ಗಾಡಿಯಲ್ಲವೇ. ಜಾವಾ ಮೂಲದಲ್ಲಿ ಜೆಕ್ ದೇಶದ್ದು, 1929ರಲ್ಲಿ ಶುರುವಾದ ಕಂಪನಿ. ಮಾಲೀಕ ಯಾನೆಚೆಕ್ ಹೆಸರಿನ ಮೊದಲ ತುಂಡು, ವಾಂಡರರ್ ಎಂಬ ಜರ್ಮನ್ ಬೈಕಿನ ಹೆಸರಿನ ಮೊದಲ ತುಂಡು ಸೇರಿ ಜಾವಾ ಆಯಿತು. ಇಲ್ಲಿ ಇರಾನಿ ಕುಟುಂಬದವರು ಐಡಿಯಲ್ ಜಾವಾ ಕಟ್ಟಿ, 1961ರಿಂದ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಬೈಕ್ ತಯಾರಿಸಿದರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1985ರಲ್ಲಿ ಹೀರೋ ಹೋಂಡಾದ ನೂರು ಸಿಸಿ ಗಾಡಿ ಬಂದು ಮೈಲೇಜಿನ ಲೆಕ್ಕ ಶುರುವಾದ ಮೇಲೆ ಇಂಥ ದೊಡ್ಡ ಟೂ ಸ್ಟ್ರೋಕ್ ಗಾಡಿಗಳ ಕಾಲ ಮುಗಿಯುತ್ತಾ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮತ್ತೆ ಬಂತಲ್ಲ, ಅದು ಬೇರೆಯೇ ಗಾಡಿ, 334 ಸಿಸಿಯ ಫೋರ್ ಸ್ಟ್ರೋಕ್. ಅದರ ಪಾರ್ಟ್ಸ್ ಇದಕ್ಕೆ ಆಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ಅಂಗಡಿಯಲ್ಲಿ ಹೋಗಿ ಕೇಳಿ ಮರ್ಯಾದೆ ಕಳೆದುಕೊಂಡೆ.

ಮೊದಲ ಕೆಲಸ ಪ್ಲಗ್ ಬಿಚ್ಚುವುದು. ವಿಡಿಯೋ ನೋಡಿ ಕಲಿತದ್ದು. ಪ್ಲಗ್ಗಿನ ತುದಿ ಕಪ್ಪಗೆ, ಎಣ್ಣೆ ಎಣ್ಣೆಯಾಗಿ ಇರುತ್ತದೆ ಎಂದುಕೊಂಡಿದ್ದೆ. ತೆಗೆದರೆ ಬಿಳಿ ಬೂದಿಯ ಬಣ್ಣ. ಆಗ ಅದರ ಅರ್ಥ ಗೊತ್ತಾಗಲಿಲ್ಲ. ಒಂದು ಫೋಟೋ ತೆಗೆದಿಟ್ಟೆ. ಏನನ್ನಾದರೂ ಬಿಚ್ಚುವ ಮೊದಲು ಫೋಟೋ ತೆಗೆಯುವುದು ನನ್ನ ಸಾಫ್ಟ್‌ವೇರ್ ಬುದ್ಧಿ, ವಾಪಸ್ ಹೋಗಲು ದಾರಿ ಇರಬೇಕಲ್ಲ.

ಕಿಕ್ಕರ್ ಅಲುಗಲಿಲ್ಲ. ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ ಹೊಯ್ದು ಬಿಟ್ಟೆ. ದಿನಾ ಬೆಳಿಗ್ಗೆ ಮೀಟಿಂಗಿಗೆ ಮೊದಲು ಹೋಗಿ ನೋಡುವುದು, ಡೀಸೆಲ್ ಇಳಿದಿದ್ದರೆ ಮತ್ತೆ ಹೊಯ್ಯುವುದು. ಹತ್ತು ದಿನ ಕಳೆದರೂ ಏನಿಲ್ಲ. ಹನ್ನೊಂದನೇ ದಿನ ಹೋದಾಗ ಬ್ಲಾಕಿನ ಹೊರಗೆ ಎರಡು ಬಿಸಿ ಬಿಸಿ ಗೋಣಿ ಸುತ್ತಿತ್ತು. ಪಕ್ಕದಲ್ಲಿ ಬಿಸಿನೀರಿನ ಹಂಡೆಯ ಚೆಂಬು. ಮಾವ ಅತ್ತ ಕಡೆ ಬಲೆ ಮಡಚುತ್ತಾ, ನನ್ನ ಕಡೆ ನೋಡದೆ ಹೇಳಿದರು, "ಬ್ಲಾಕ್ ಬಿಸಿ ಆದರೆ ಅಗಲ ಆಗ್ತದೆ. ಈಗ ಮರದ ತುಂಡು ಇಟ್ಟು ಮೆಲ್ಲ ಕುಟ್ಟು. ಹೊಡಿಬೇಡ, ಕುಟ್ಟು."

ಕುಟ್ಟಿದೆ. ಕಿರ್ರ್ ಎಂದು ಒಂದು ಬೆರಳಿನಷ್ಟು ಸರಿಯಿತು. ಇಪ್ಪತ್ತೊಂದು ವರ್ಷದ ನಂತರ!

ಅಲ್ಲಿಂದ ಮಾವ ದಿನಾ ಬಂದು ಕೂರತೊಡಗಿದರು. ಕೆಲಸ ಮಾಡುತ್ತಿರಲಿಲ್ಲ, ಹೇಳುತ್ತಿದ್ದರು. ಅವರ ಬಲಗೈ ಪೂರ್ತಿ ತಿರುಗುವುದಿಲ್ಲ, ಸ್ಪ್ಯಾನರ್ ನನ್ನ ಕೈಯಲ್ಲಿ. ಬ್ಲಾಕ್, ಪಿಸ್ಟನ್, ಕ್ರ್ಯಾಂಕ್ ಎಲ್ಲ ಬಿಚ್ಚಿ ಗೋಣಿಚೀಲದಲ್ಲಿ ಹಾಕಿ ಫೆರಿಯಲ್ಲಿ ಬಂದರಿಗೆ ತೆಗೆದುಕೊಂಡು ಹೋದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು "ಎಂಥ ಮೀನು ಮಗಾ, ಇಷ್ಟು ಭಾರ?" ಎಂದು ಕೇಳಿದರು. "ಯೆಜ್ಡಿ" ಎಂದೆ. "ಹೊಸ ಜಾತಿಯಾ?" :)

ಬಂದರಿನ ಲೇತ್ ಅಂಗಡಿಯ ಮುದುಕರು ಬೋಟಿನ ಎಂಜಿನ್ ಕೆಲಸವನ್ನೇ ಹೆಚ್ಚಾಗಿ ಮಾಡುವವರು. ಪಿಸ್ಟನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಸೈಲೆನ್ಸರ್ ಬದಿಗೆ ಉಗುರಿನಿಂದ ಗೀರಿದ ಹಾಗೆ ಉದ್ದುದ್ದ ಗೆರೆಗಳಿದ್ದವು. ಬ್ಲಾಕಿನೊಳಗೆ ಅಲ್ಯುಮಿನಿಯಂ ಮೆತ್ತಿಕೊಂಡಿತ್ತು.

"ಇದು ತುಕ್ಕಿಗೆ ಹಿಡಿದದ್ದಲ್ಲ. ಓಡುವಾಗ ಎಣ್ಣೆ ಸಿಗದೆ ಹಿಡಿದದ್ದು" ಎಂದರು. ಪ್ಲಗ್ಗಿನ ಫೋಟೋ ತೋರಿಸಿದೆ. "ನೋಡು, ಬಿಳಿ ಉಂಟಲ್ಲ? ಪೆಟ್ರೋಲ್ ಕಮ್ಮಿ ಬರ್ತಾ ಇತ್ತು. ಟೂ ಸ್ಟ್ರೋಕಿಗೆ ಪೆಟ್ರೋಲ್ ಕಮ್ಮಿ ಅಂದರೆ ಎಣ್ಣೆಯೂ ಕಮ್ಮಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಥೆಯೆಲ್ಲ ಇಲ್ಲೇ ಇರುವುದು. ಈಗಿನ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಟ್ಯಾಂಕ್ ಖಾಲಿಯಾದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಹಳೇ ಯೆಜ್ಡಿಯಲ್ಲಿ ಹಾಗಲ್ಲ. ಲೀಟರ್ ಪೆಟ್ರೋಲಿಗೆ ಇಷ್ಟು ಎಂದು ಆಯಿಲ್ ಬೆರೆಸಿ ಟ್ಯಾಂಕಿಗೇ ಹಾಕಬೇಕು. ಪಿಸ್ಟನಿಗೆ ಸಿಗುವ ಎಣ್ಣೆ ಪೆಟ್ರೋಲಿನ ಜೊತೆಗೇ ಬರಬೇಕು. ಟ್ಯಾಂಕಿನ ಕೆಳಗಿನ ಕಾಕ್ ಅರ್ಧ ಕಟ್ಟಿಕೊಂಡರೆ ಮೆಲ್ಲ ಹೋಗುವಾಗ ಗೊತ್ತಾಗುವುದಿಲ್ಲ, ಬರುವಷ್ಟು ಸಾಕಾಗುತ್ತದೆ. ಹೈವೇಯಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಕೇಳುವಷ್ಟು ಬರುವುದಿಲ್ಲ. ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಉರಿಯ ಬಿಸಿ ಏರುತ್ತದೆ, ಅದೇ ಹೊತ್ತಿಗೆ ಎಣ್ಣೆ ಇಳಿಯುತ್ತದೆ. ಅಲ್ಯುಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಬ್ಲಾಕಿಗಿಂತ ಬೇಗ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಅಲ್ಲಿಗೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿದವನು ಬದುಕಿದ.

ಫೆರಿಯಲ್ಲಿ ವಾಪಸ್ ಬರುವಾಗ ಇದೇ ಯೋಚನೆ. ಹಾಗಾದರೆ ಬರೀ ಸ್ಪೀಡ್ ಅಲ್ಲ. ಪೆಟ್ರೋಲ್ ಯಾಕೆ ಬರಲಿಲ್ಲ?

ಬಂದವನೇ ಟ್ಯಾಂಕ್ ಬಿಚ್ಚಿದೆ. ಕೆಳಗಿನ ಕಾಕ್ ತೆಗೆದರೆ ಅದರ ಜಾಲರಿ ಪೂರ್ತಿ ಗಟ್ಟಿ. ಒಳಗೆ ಹಳೇ ಪೆಟ್ರೋಲ್ ಒಣಗಿ ಅಂಟಾಗಿತ್ತು. ಟ್ಯಾಂಕ್ ಅಲುಗಿಸಿದರೆ ಸರಸರ ಶಬ್ದ. ತುಕ್ಕು ಎಂದುಕೊಂಡೆ. ಎಲ್ಲವನ್ನೂ ಹಳೇ ಪೇಪರಿನ ಮೇಲೆ ಸುರಿದು, ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅದರ ಮೇಲೆ ಆಡಿಸಿದೆ. ತುಕ್ಕಿನ ಚೂರೆಲ್ಲ ಎದ್ದು ಬಂತು. ಪೇಪರಿನ ಮೇಲೆ ಉಳಿದದ್ದು ಹೊಯಿಗೆ. ಅರ್ಧ ಚಾ ಗ್ಲಾಸಿನಷ್ಟು. ನಡು ನಡುವೆ ಚಿಪ್ಪಿನ ಸಣ್ಣ ಸಣ್ಣ ಚೂರು.

ನಾನು ಪೇಪರಿನ ಎದುರು ಕುಕ್ಕರುಗಾಲಲ್ಲಿ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ನೆನಪು ಒಂದೇ ಸಲಕ್ಕೆ ಬರಲಿಲ್ಲ. ಮೊದಲು ನೆನಪಾದದ್ದು ಗೆರಟೆ. ಗೆರಟೆಯಲ್ಲಿ ಹೊಯಿಗೆ ತುಂಬಿ ಪೆಟ್ರೋಲ್ ಪಂಪ್ ಆಟ ಆಡುತ್ತಿದ್ದೆವು, ನಾನೂ ಚಿಕ್ಕಮ್ಮನ ಮಗನೂ. ಹಳೇ ಸೈಕಲ್ ಟಯರು, ಮುರಿದ ಕುರ್ಚಿ, ಎಲ್ಲದಕ್ಕೂ ನಾನು ಪೆಟ್ರೋಲ್ ಹಾಕುವವನು, ಅವನು ದುಡ್ಡು ಕೊಡುವವನು. ಗೋಳಿ ಮರದ ಎಲೆ ಒಂದಕ್ಕೆ ಹತ್ತು ರೂಪಾಯಿ. ಯೆಜ್ಡಿಯ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಇರಲಿಲ್ಲ, ಕೆಟ್ಟಿತ್ತು, ತಿರುಗಿಸಿದರೆ ಬರುತ್ತಿತ್ತು. ಮುಚ್ಚಳದ ಒಳಬದಿಯ ಪೆಟ್ರೋಲ್ ವಾಸನೆ ನನಗೆ ಗೊತ್ತುಂಟು. ಹೇಗೆ ಗೊತ್ತುಂಟು? ಮುಚ್ಚಳ ತೆಗೆದಿರಬೇಕಲ್ಲ. ಅದರೊಳಗೆ ಸುರಿದ ನೆನಪು ಸ್ಪಷ್ಟವಾಗಿ ಇಲ್ಲ. ಆದರೆ ಸುರಿದಿಲ್ಲ ಎಂದು ಹೇಳುವ ಧೈರ್ಯವೂ ಇಲ್ಲ.

ಬೆಂಗ್ರೆಯಲ್ಲಿ ಹೊಯಿಗೆ ಎಲ್ಲಿಲ್ಲ? ಅನ್ನದ ಬಟ್ಟಲಲ್ಲಿ, ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ, ಹಾಸಿಗೆಯಲ್ಲಿ. ಗಾಳಿಗೆ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಗಾಳಿಗೆ ಟ್ಯಾಂಕಿನೊಳಗೆ ಅರ್ಧ ಗ್ಲಾಸ್? ಆಗ ಬೈಕಿನ ಹತ್ತಿರ ಆಡುತ್ತಿದ್ದದ್ದು ನಾವಿಬ್ಬರೇ. ಅವನಿಗೆ ಆಗ ನಾಲ್ಕು ವರ್ಷ, ಮುಚ್ಚಳದವರೆಗೆ ಕೈ ಎಟುಕುತ್ತಿರಲಿಲ್ಲ.

ಎರಡು ದಿನ ಕೊಟ್ಟಿಗೆಗೆ ಹೋಗಲಿಲ್ಲ. ಮಾವ ಕೇಳಿದರೆ ಕೆಲಸ ಜಾಸ್ತಿ ಎಂದೆ. ಹೇಳದಿದ್ದರೂ ನಡೆಯುತ್ತಿತ್ತು. ಹೊಯಿಗೆಯನ್ನು ಅಂಗಳಕ್ಕೆ ಎಸೆದರೆ ಹೊಯಿಗೆಯಲ್ಲಿ ಹೊಯಿಗೆ ಸೇರಿಹೋಗುತ್ತಿತ್ತು, ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಒಂದು ಲೆಕ್ಕ ಮಾತ್ರ ತಲೆಯಿಂದ ಹೋಗಲಿಲ್ಲ. ಇಪ್ಪತ್ತೊಂದು ವರ್ಷ ಆ ಮನುಷ್ಯ ಅಕ್ಕನ ಬಾಯಿಂದ "ಸ್ಪೀಡ್, ಸ್ಪೀಡ್" ಎಂದು ಕೇಳಿಸಿಕೊಂಡು ಊಟ ಮಾಡಿದ್ದರು. ಅದೇ ಪಂಕ್ತಿಯಲ್ಲಿ ಕೂತು ನಾನೂ ಊಟ ಮಾಡಿದ್ದೆ.

ಮೂರನೇ ದಿನ ಸಂಜೆ ಜಡಿಮಳೆ. ಮಾವ ಜಗಲಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದರು. ಪೇಪರಿನ ಪೊಟ್ಟಣ ತೆಗೆದುಕೊಂಡು ಹೋಗಿ ಎದುರಿಗೆ ಬಿಚ್ಚಿಟ್ಟೆ.

"ಟ್ಯಾಂಕಲ್ಲಿ ಇತ್ತು ಮಾವ."

ಬೆರಳಲ್ಲಿ ಮುಟ್ಟಿ ನೋಡಿದರು. ಚಿಪ್ಪಿನ ಚೂರು ಎತ್ತಿ ನೋಡಿದರು. ಏನೂ ಹೇಳಲಿಲ್ಲ.

"ನಾನು ಹಾಕಿದ್ದು ಅಂತ ಕಾಣ್ತದೆ. ಪೆಟ್ರೋಲ್ ಪಂಪ್ ಆಟ ಆಡ್ತಿದ್ದೆವಲ್ಲ..." ಮುಂದಿನ ಮಾತು ಗಂಟಲಿನಿಂದ ಹೊರಗೆ ಬರಲಿಲ್ಲ.

ಮಾವ ಬೀಡಿ ಆರಿಸಿದರು. "ನೀನು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವತ್ತೇ ಎರಡು ಕೊಡ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾಕ್ ಕಟ್ಟಿದೆ ಅಂತ ನನಗೆ ಗೊತ್ತಿತ್ತು" ಎಂದರು.

ನಾನು ಅವರ ಮುಖ ನೋಡಿದೆ.

"ಒಂದು ವಾರದಿಂದ ರಿಸರ್ವಿಗೆ ಹಾಕಿದರೆ ಗಾಡಿ ಎಳೀತಿರಲಿಲ್ಲ. ಮೇನಲ್ಲಿ ಸರಿ ಹೋಗ್ತಿತ್ತು. ಮೇನಿನ ಪೈಪ್ ಟ್ಯಾಂಕಿನ ಒಳಗೆ ಎತ್ತರಕ್ಕೆ ಉಂಟಲ್ಲ, ರಿಸರ್ವ್ ಅಡಿಯಿಂದ ಎಳೆಯುವುದು. ಅಡಿಯಲ್ಲಿ ಏನೋ ಕಸ ಕೂತಿದೆ ಅಂತ ಗೊತ್ತಾಯ್ತು. ಬಿಚ್ಚಿ ತೊಳೆದರೆ ಅರ್ಧ ಗಂಟೆ ಕೆಲಸ. ನಾಳೆ ಮಾಡುವ, ನಾಳೆ ಮಾಡುವ ಅಂತ ಬಿಟ್ಟೆ. ಅವತ್ತು ಬೈಕಂಪಾಡಿಯಲ್ಲಿ ಮೇನ್ ಖಾಲಿ ಆಯ್ತು, ರಿಸರ್ವಿಗೆ ತಿರುಗಿಸಿದೆ. ಬಂದರಿಗೆ ಇನ್ನೇನು ಹತ್ತಿರ ಅಲ್ವಾ ಅಂತ ಎಳೆದೆ. ಬೋಟಿನ ಎಂಜಿನಿಗೆ ದಿನಾ ಫಿಲ್ಟರ್ ನೋಡುವವ ನಾನು. ಸ್ವಂತ ಗಾಡಿಗೆ ನೋಡಲಿಲ್ಲ."

"ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಎಂಥ ಹೇಳುವುದು? ಸ್ಪೀಡಿಗಲ್ಲ, ಉದಾಸೀನಕ್ಕೆ ಅಂತವಾ? ಹೇಳಿದರೆ ಬಳೆ ವಾಪಸ್ ಬರ್ತದಾ?"

ಮಳೆ ಸುರಿಯುತ್ತಲೇ ಇತ್ತು. ಇಬ್ಬರೂ ಹೊಯಿಗೆಯ ಪೊಟ್ಟಣ ನೋಡುತ್ತಾ ಕೂತೆವು.

ಅಮ್ಮನಿಗೆ ಆ ರಾತ್ರಿಯೇ ಹೇಳಿದೆ. ಊಟಕ್ಕೆ ಬಡಿಸುತ್ತಿದ್ದರು. ಪಿಸ್ಟನ್, ಎಣ್ಣೆ, ರಿಸರ್ವ್, ನನ್ನ ಗೆರಟೆ ಎಲ್ಲವನ್ನೂ ಹೇಳಿದೆ. ಅಮ್ಮ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದರು. ಆಮೇಲೆ ಮಾವನ ಕಡೆ ತಿರುಗಿ, "ಹಾಗಾದರೆ ಅವತ್ತು ಎಷ್ಟರಲ್ಲಿದ್ದೆ ನೀನು?" ಎಂದರು.

"ಎಪ್ಪತ್ತು ಅಕ್ಕ."

"ಎಪ್ಪತ್ತೂ ಸ್ಪೀಡೇ" ಎಂದು ಅಮ್ಮ ಒಳಗೆ ಹೋದರು. ಆದರೆ ವಾಪಸ್ ಬಂದಾಗ ಮಾವನ ಬಟ್ಟಲಿಗೆ ಬಂಗುಡೆಯ ಇನ್ನೊಂದು ತುಂಡು ಬಿತ್ತು. ನನಗೆ ಬೀಳಲಿಲ್ಲ. ನ್ಯಾಯವೇ.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. ಟ್ಯಾಂಕಿನೊಳಗೆ ವಿನೆಗರ್ ತುಂಬಿ, ಒಂದು ಹಳೇ ಚೈನ್ ಹಾಕಿ, ನಾನೂ ಮಾವನೂ ಎರಡು ಬದಿ ಹಿಡಿದು ತೊಟ್ಟಿಲಿನ ಹಾಗೆ ತೂಗಿದೆವು. ಬಂದರಿನಲ್ಲಿ ಬ್ಲಾಕ್ ಬೋರ್ ಮಾಡಿಸಿ ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು. ಕ್ರ್ಯಾಂಕಿನ ಬೇರಿಂಗ್, ಆಯಿಲ್ ಸೀಲ್, ಪಾಯಿಂಟ್, ಕಂಡೆನ್ಸರ್, ರಿಮ್, ಸ್ಪೋಕ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಸೀಲ್ ಸಣ್ಣ ವಿಷಯವಲ್ಲ. ಅದು ಒಣಗಿ ಬಿರಿದರೆ ಅಲ್ಲಿಂದ ಗಾಳಿ ಎಳೆದುಕೊಂಡು ಮತ್ತೆ ಅದೇ ಕಥೆ, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ರಬ್ಬರ್ ಪೈಪುಗಳನ್ನೂ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ. ಹಳೇ ರಬ್ಬರಿಗೆ ಅದು ಆಗಿ ಬರುವುದಿಲ್ಲ, ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ನಮ್ಮ ಊರಿನ ಗಾಳಿಗಂತೂ ಗಾಡಿ ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿಯೇ ಇಡಬೇಕು. ಖರ್ಚು ಎಷ್ಟಾಯಿತು ಎಂದು ಅಮ್ಮನಿಗೆ ಹೇಳಿದ ಲೆಕ್ಕ ಬೇರೆ, ನಿಜವಾದ ಲೆಕ್ಕ ಬೇರೆ.

ಬಣ್ಣ ಮಾತ್ರ ಹೊಡೆಸಲಿಲ್ಲ. ಕೂಳೂರು ಸೇತುವೆಯಲ್ಲಿ ಟ್ಯಾಂಕಿನ ಬಲಬದಿಗೆ ಬಿದ್ದ ಗೀರು ಹಾಗೇ ಇರಲಿ ಎಂದು ಮಾವ ಹೇಳಿದರು.

ಜುಲೈ ಕೊನೆಯ ಆದಿತ್ಯವಾರ ಸ್ಟಾರ್ಟ್ ಮಾಡುವುದೆಂದು ನಿಶ್ಚಯವಾಯಿತು. ಲೀಟರಿಗೆ 40 ಮಿಲಿ ಆಯಿಲ್ ಬೆರೆಸಿ ಹಾಕಿದೆ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಎಡಗಾಲಿಗೆ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಗೇರ್. ಮೊದಲ ಸಲ ಗಾಡಿ ಕಲಿಯುವವನಿಗೆ ಇದಕ್ಕಿಂತ ತಲೆತಿರುಗುವ ವ್ಯವಸ್ಥೆ ಬೇರೆ ಇಲ್ಲ. ಮೂವತ್ತು ಸಲ ಒದ್ದೆ. ಏನಿಲ್ಲ. ಮಾವ ಪಾಯಿಂಟಿನ ಕವರ್ ಬಿಚ್ಚಿಸಿ, ಪಾಯಿಂಟಿನ ನಡುವೆ ಬೀಡಿಕಟ್ಟಿನ ಕಾಗದ ತೂರಿಸಿ ಎಳೆದು ಒರೆಸಿದರು. "ಈಗ ಒದಿ."

ಎರಡನೇ ಒದೆತಕ್ಕೆ ಹಿಡಿಯಿತು. ಅಂಗಳದ ತುಂಬ ಬಿಳಿ ಹೊಗೆ, ಕೋಳಿಗಳೆಲ್ಲ ಓಟ, ಓಣಿಯ ಮಕ್ಕಳೆಲ್ಲ ಹಾಜರ್. ಆ ಶಬ್ದ... ನಾನು ಏಳು ವರ್ಷದವನಾಗಿದ್ದಾಗಿನ ಅದೇ ಶಬ್ದ. ಮಾವ ಎಡಗೈಯಿಂದ ಆಕ್ಸಿಲರೇಟರ್ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡರು. ಬೀಡಿ ಹಚ್ಚಲು ಮೂರು ಕಡ್ಡಿ ಬೇಕಾಯಿತು.

ಗಾಡಿ ಸ್ಟಾರ್ಟ್ ಆದ ಮಾತ್ರಕ್ಕೆ ರಸ್ತೆಗೆ ಇಳಿಸುವ ಹಾಗಿಲ್ಲವಲ್ಲ. ನೋಂದಣಿಯ ಹದಿನೈದು ವರ್ಷ ಯಾವಾಗಲೋ ಮುಗಿದಿತ್ತು. ಫಿಟ್ನೆಸ್, ಹೊಗೆ ತಪಾಸಣೆ, ಇನ್ಶೂರೆನ್ಸ್, ಹಸಿರು ತೆರಿಗೆ ಎಲ್ಲ ಆಗಬೇಕು. ಹದಿನೈದು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1000 ಆಗಿತ್ತು. ನಾವು ಕಾಗದ ಸೇರಿಸುತ್ತಿರುವಾಗಲೇ, 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 2000 ಆಯಿತು. ಅದಕ್ಕೆ ವಿಳಂಬ ಶುಲ್ಕ ಬೇರೆ. ನನ್ನ ಎಲ್‌ಎಲ್‌ಆರ್ ಕೂಡ ಅದೇ ಸಮಯದಲ್ಲಿ ಆಯಿತು. ಕಾಗದ ಆಗುವವರೆಗೆ ಗೆಳೆಯನ ಬೈಕಿನಲ್ಲಿ ಕಲಿತೆ. ಹಾಗೆ ಕಲಿಯುವಾಗ ನಾಲ್ಕು ಸಲ ಬಿದ್ದೆ, ನಾಲ್ಕೂ ಸಲ ರಸ್ತೆಯ ಮೇಲೆ ಹರಡಿದ ಹೊಯಿಗೆಯಲ್ಲಿ. ಮುಂದಿನ ಬ್ರೇಕ್ ಮುಟ್ಟಿದ್ದೇ ತಡ, ಚಕ್ರ ಅಡ್ಡ ಜಾರುತ್ತದೆ. ಹೊಯಿಗೆ ತನ್ನ ಸಾಲ ವಸೂಲಿ ಮಾಡಿಕೊಳ್ಳುತ್ತಿದೆ ಎಂದುಕೊಂಡೆ.

ಲೈಸೆನ್ಸ್ ಕೈಗೆ ಬಂದ ಮೇಲೆ, ಗಾಡಿಯ ಕಾಗದವೂ ಸರಿಯಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ನಾನು ಮುಂದೆ, ಮಾವ ಹಿಂದೆ. ಇಬ್ಬರಿಗೂ ಹೊಸ ಹೆಲ್ಮೆಟ್, ಅಮ್ಮನ ಆರ್ಡರ್. ಹೊರಡುವ ಮೊದಲು ಮಾವ ಬಗ್ಗಿ ಕಾಕಿನ ಕೆಳಗಿನ ಸಣ್ಣ ಬಟ್ಟಲು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಒರೆಸಿ ಹಾಕಿದರು.

ತಣ್ಣೀರುಬಾವಿ ದಾಟಿ, ಕಾರ್ಖಾನೆಗಳ ಗೋಡೆಯ ಬದಿಯಿಂದ ಹೈವೇಗೆ ಬಂದೆವು. ಮಾವ ಬಿದ್ದಾಗ ಇದು ಎನ್.ಎಚ್. 17, 2010ರಲ್ಲಿ ಹೊಸ ನಂಬರ್ ಬಂದು ಎನ್.ಎಚ್. 66 ಆಯಿತು. ಎದುರಿಗೆ ಕೂಳೂರು ಸೇತುವೆ. ಬಂದರಿನ ಕಡೆಯ ಲಾರಿಗಳು ಒಂದರ ಹಿಂದೆ ಒಂದು. ನನ್ನ ಅಂಗೈ ಬೆವರುತ್ತಿತ್ತು. ಮೀಟರಿನ ಮುಳ್ಳು ನಲವತ್ತು ದಾಟಲಿಲ್ಲ. ಹಿಂದಿನಿಂದ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.

ಸೇತುವೆಯ ಮಧ್ಯಕ್ಕೆ ಬಂದಾಗ ಹೆಗಲ ಮೇಲೆ ಮಾವನ ಕೈ ಬಿತ್ತು. ಬಲಗೈ.

"ಕ್ಲಚ್ಚಿನ ಮೇಲೆ ಎರಡು ಬೆರಳು ಇಟ್ಟುಕೋ" ಎಂದರು. "ಯಾವಾಗಲೂ."

ಇಟ್ಟುಕೊಂಡೆ. ಕೆಳಗೆ ಫಲ್ಗುಣಿ ನಮ್ಮೂರಿನ ಕಡೆಗೆ ಹರಿಯುತ್ತಿತ್ತು. ಸೇತುವೆ ದಾಟಿ ಮೊದಲು ಸಿಕ್ಕ ಹೋಟೆಲಿನಲ್ಲಿ ಗಾಡಿ ನಿಲ್ಲಿಸಿ ಬನ್ಸ್ ತಿಂದು ಚಾ ಕುಡಿದೆವು. ಮಾವ ಇಪ್ಪತ್ತೊಂದು ವರ್ಷದ ಹಿಂದಿನ ಯಾವುದೋ ಜೋಕ್ ಹೇಳಿದರು, ನನಗೆ ಅರ್ಥ ಆಗಲಿಲ್ಲ, ಆದರೂ ನಕ್ಕೆ.

ಮನೆಗೆ ಬಂದಾಗ ಅಮ್ಮ ಗೇಟಿನ ಹತ್ತಿರವೇ ನಿಂತಿದ್ದರು. ಮಾವನ ಕೈ, ನನ್ನ ಮಂಡಿ, ಗಾಡಿಯ ಚಕ್ರ ಎಲ್ಲವನ್ನೂ ಒಂದು ಸುತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟರಲ್ಲಿ ಹೋದೆ?"

"ನಲವತ್ತು ಅಮ್ಮ."

"ಮೂವತ್ತು ಸಾಕು" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಳೇ ಲುಂಗಿಯೊಂದನ್ನು ಹರಿದು ತಂದು ನನ್ನ ಕೈಗೆ ಕೊಟ್ಟರು. ಟ್ಯಾಂಕ್ ಮುಚ್ಚಳದ ಮೇಲೆ ಕಟ್ಟಲಂತೆ. ಪಕ್ಕದ ಮನೆಯ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು, ಒಬ್ಬನ ಕೈಯಲ್ಲಿ ಗೆರಟೆ ಇತ್ತು.